ನೋರ್ಡಾಳಿಗೆ ಕೊಟ್ಟ ಸಾಲು

ಮಿಲ್ ಫೋರ್ಕ್, ಐಡಹೊ
20 ಜನವರಿ 2013

ಕೇಲೀನ್,

ನಿನಗೆ ಕಾಗದ ಬರೆದು ಒಂದೂವರೆ ವರ್ಷವಾಯಿತು. ಟ್ರ್ಯಾಕ್ಟರಿನ ಸದ್ದು ತಿಂದು ಬಿಟ್ಟ ಕಿವಿಗೆ ಫೋನು ದಕ್ಕುವುದಿಲ್ಲ, ಕಂಪ್ಯೂಟರು ನನ್ನ ಮನೆಯಲ್ಲಿಲ್ಲ. ಕಂಪ್ಯೂಟರು ಇಲ್ಲದವನ ಮನೆಗೂ ಅದರೊಳಗಿನದು ಬಂದು ಮುಟ್ಟುತ್ತದೆ ಎಂದು ಮೊನ್ನೆ ಗೊತ್ತಾಯಿತು.

ಗುರುವಾರ ಬೆಕ್‌ಸ್ಟೆಡ್ ಬಂದಿದ್ದ. ಅವನೇ, ನಿನ್ನ ದವಡೆ ಹಲ್ಲು ಕಿತ್ತ ಡಾಕ್ಟರು. ಈಗ ಈ ಕಣಿವೆಯಲ್ಲಿ ನಮ್ಮ ಚರ್ಚಿನ ಏಳು ಸಭೆಗಳಿಗೂ ಅವನೇ ಅಧ್ಯಕ್ಷ. ಬೂಟಿನ ಹಿಮ ಒದರಿ ಒಳಗೆ ಬಂದವನು ಕೋಟು ಬಿಚ್ಚಲಿಲ್ಲ. ನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟ.

"ಓದಿ ಬ್ರದರ್ ಹ್ಯಾಸ್ಲಮ್. ಯಾರು ಬರ್ದಿದ್ದು ಅಂತ ನಾನು ಹೇಳಲ್ಲ. ನೀವೇ ಹೇಳಿ."

'ಹಿಂದಿನ ಬೆಂಚು' ಎಂದು ಹೆಸರು. ನಮ್ಮ ಮಾರ್ಮನ್ ಚರ್ಚಿನವರ ಮನೆಯಲ್ಲೇ ಹುಟ್ಟಿ ಹೊರಗೆ ಹೋದವಳೊಬ್ಬಳು ಮಾರ್ಮನ್ನರ ಬಗ್ಗೆ ಬರೆಯುವ ಬ್ಲಾಗಂತೆ. ಬರೆದವಳ ಹೆಸರಿಲ್ಲ. ನಮ್ಮ ಉಪವಾಸದ ಭಾನುವಾರ, ಎದ್ದು ನಿಂತು ಸಾಕ್ಷಿ ಹೇಳುತ್ತ ಅಳುವ ಹೆಂಗಸರು, ನೆಲಮಾಳಿಗೆಯಲ್ಲಿ ನಾವು ಕೂಡಿಟ್ಟ ಗೋಧಿಯ ಡಬ್ಬಗಳು, ಎಲ್ಲವನ್ನೂ ಆಡಿಕೊಂಡಿದೆ. ಅದನ್ನು ನುಂಗಿಕೊಂಡೆ. ಒಂದೆರಡು ಕಡೆ ನಗುವೂ ಬಂತು, ಸುಳ್ಳು ಹೇಳುವುದಿಲ್ಲ. ಮೂರನೆಯ ಹಾಳೆಗೆ ಬಂದಾಗ ಎದ್ದು ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಲ್ಲಿ ನನ್ನ ಬಾಯಿಂದ ಬಂದ ಮಾತುಗಳಿದ್ದವು.

ನಿನಗೆ ನೆನಪಿಸಬೇಕೆ? ಇಪ್ಪತ್ತೆರಡು ವರ್ಷದಿಂದ ನಾನು ಈ ಕಣಿವೆಯ ಆಶೀರ್ವಾದದ ಹಿರಿಯ. ಹುಡುಗ ಹುಡುಗಿಯರು ಜೀವಮಾನಕ್ಕೆ ಒಂದೇ ಸಲ ಉಪವಾಸವಿದ್ದು ಬಂದು ನನ್ನ ಮುಂದೆ ಕೂರುತ್ತಾರೆ. ತಲೆಯ ಮೇಲೆ ಕೈಯಿಟ್ಟು, ದೇವರಿಂದ ನನಗೆ ಬಂದ ಮಾತನ್ನು ಆಡುತ್ತೇನೆ. ಕ್ಯಾಸೆಟ್ಟಿನಲ್ಲಿ ಹಿಡಿದ ಆ ಮಾತನ್ನು ಟೈಪು ಮಾಡಿಸಿ, ಸಹಿ ಹಾಕಿ ಕೊಡುತ್ತೇನೆ. ಅವರು ಅದನ್ನು ಸಾಯುವವರೆಗೂ ಇಟ್ಟುಕೊಳ್ಳುತ್ತಾರೆ, ಊರಿಗೆಲ್ಲ ತೋರಿಸುವುದಿಲ್ಲ. ನಿನ್ನಮ್ಮ ತೀರಿಕೊಂಡ ಮೇಲೆ ಆರು ವರ್ಷ ಅದನ್ನು ಟೈಪು ಮಾಡಿದವಳು ನೀನು. ನಿನ್ನನ್ನು ನಂಬಿ ಕೂರಿಸಿದ ಮೇಜು ಅದು.

ಆ ಬರಹವನ್ನು ತೆಗೆದುಹಾಕು. ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ನಿನ್ನ ತಂದೆ,
ಡೆಲ್ವಿನ್ ಹ್ಯಾಸ್ಲಮ್


ಪೋರ್ಟ್‌ಲ್ಯಾಂಡ್, ಆರಿಗನ್
29 ಜನವರಿ 2013

ಅಪ್ಪ,

ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೀರಿ. ಬ್ಯಾಂಕಿನಿಂದ ನೋಟೀಸು ಬಂತೇನೋ ಅಂದುಕೊಂಡೆ.

ಹೌದು, ಬರೆದವಳು ನಾನು. ನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ, ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತ. ಚರ್ಚು ಬೇಡವೆನ್ನುವ ಕಾಫಿಯ ವಿಷಯ ಬೇಕಂತಲೇ ಬರೆದೆ. ನಿಮಗೆ ಯಾವುದು ಹೆಚ್ಚು ಚುಚ್ಚುತ್ತದೆ, ಬ್ಲಾಗೋ ಕಾಫಿಯೋ, ನೋಡೋಣ.

ನಾನು ಯಾರ ಕಾಗದವನ್ನೂ ಕದ್ದು ಇಟ್ಟುಕೊಂಡಿಲ್ಲ. ಬೆರಳಿಗೆ ನೆನಪಿದೆ, ಅಷ್ಟೇ. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕಾಲಲ್ಲಿ ಪೆಡಲ್ ಒತ್ತಿ ಒತ್ತಿ ನಿಮ್ಮ ದನಿಯನ್ನು ಹಿಂದೆ ಮುಂದೆ ಓಡಿಸಿ ಆರು ವರ್ಷ ಟೈಪು ಮಾಡಿದರೆ ಯಾರಿಗಾದರೂ ಬಾಯಿಪಾಠವಾಗುತ್ತದೆ. 'ಪರದೆಯ ಆಚೆ ನಿನ್ನನ್ನು ಬಲ್ಲವರು ನಿನಗಾಗಿ ಕಾದಿದ್ದಾರೆ.' ಈ ಮಾತು ಹನ್ನೊಂದು ಹುಡುಗಿಯರಿಗೆ, ಒಂದಕ್ಷರ ಆಚೀಚೆ ಇಲ್ಲ. ನಮ್ಮ ಪಕ್ಕದ ಹೊಲದ ಶೆರಿಲ್‌ಗೂ ಅದೇ, ಅವಳನ್ನು ಕಂಡರಾಗದ ಅವಳ ನಾದಿನಿಗೂ ಅದೇ. ಬ್ಲಾಗಿನಲ್ಲಿ ಹೆಸರು ಹಾಕಿಲ್ಲ, ಊರು ಹಾಕಿಲ್ಲ. ಹನ್ನೊಂದನ್ನು ಒಂದರ ಕೆಳಗೊಂದು ಇಟ್ಟು, ದೇವರಿಗೆ ಮಾತಿಗೆ ಬರವೇ ಎಂದು ಮಾತ್ರ ಕೇಳಿದೆ.

ಮುನ್ನೂರಕ್ಕೂ ಹೆಚ್ಚು ಜನ ಕೆಳಗೆ ಕಾಮೆಂಟು ಹಾಕಿದ್ದಾರೆ. ಬೈದವರಿದ್ದಾರೆ, ನನಗೋಸ್ಕರ ಪ್ರಾರ್ಥಿಸುತ್ತೇವೆ ಎಂದು ಹಲ್ಲು ಕಡಿದವರಿದ್ದಾರೆ. ಆದರೆ ಅರಿಜೋನಾದ ಒಬ್ಬಳು, 'ನನ್ನ ಕಾಗದದಲ್ಲೂ ಇದೇ ಇದೆ, ನಮ್ಮ ಹಿರಿಯರು ಬೇರೆ, ನಾನೊಬ್ಬಳೇ ಪೆದ್ದಿ ಅಂದುಕೊಂಡು ಇಪ್ಪತ್ತು ವರ್ಷ ಬದುಕಿದೆ' ಎಂದು ಬರೆದಿದ್ದಾಳೆ. ಅವಳಿಗೋಸ್ಕರ ನಾನು ಬರೆಯುವುದು.

ನೀವು ಮೋಸಗಾರರು ಅಂತ ನಾನು ಎಲ್ಲೂ ಹೇಳಿಲ್ಲ, ಅಪ್ಪ. ಆಶೀರ್ವಾದದ ದಿನ ನೀವು ನೀರೂ ಮುಟ್ಟದೆ, ಹುಲ್ಲಿನ ಹೊಲದ ಅಂಚಿನಲ್ಲಿ ಒಬ್ಬರೇ ನಡೆಯುತ್ತಿದ್ದುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದವಳು ನಾನು. ನಿಮಗೆ ಏನೋ ಕೇಳಿಸುತ್ತದೆ ಎಂದು ನೀವು ನಂಬಿದ್ದಿರಿ. ಕೇಳಿಸದ ದಿನ ಏನು ಮಾಡುತ್ತಿದ್ದಿರಿ ಅನ್ನುವುದೇ ನನ್ನ ಪ್ರಶ್ನೆ.

ಬರಹ ತೆಗೆಯುವುದಿಲ್ಲ. ಸಿಟ್ಟಿದೆ ನನಗೆ, ಯಾಕೆ ಅಂತ ಇನ್ನೊಂದು ಸಲ.

ಕೇಲೀನ್


ಮಿಲ್ ಫೋರ್ಕ್
11 ಫೆಬ್ರವರಿ 2013

ಕೇಲೀನ್,

ನಿನ್ನ ಕಾಗದಕ್ಕೆ ಎರಡು ಉತ್ತರ ಬರೆದು ಒಲೆಗೆ ಹಾಕಿದೆ. ಇದು ಮೂರನೆಯದು, ವಿಷಯವೂ ಬೇರೆ.

ನೋರ್ಡಾ ನೆನಪಿದ್ದಾಳಾ? ಮೇಲಿನ ಕಾಲುವೆಯ ಪಕ್ಕದ ಕುಂಜ್ ಮನೆಯ ಹುಡುಗಿ, ನಿನಗಿಂತ ಮೂರು ವರ್ಷ ದೊಡ್ಡವಳು. ಹತ್ತು ವರ್ಷದ ಹಿಂದೆ ಹಿಮ ತಳ್ಳುವ ಲಾರಿ ಓಡಿಸುವ ಗಾರ್ತ್ ಪಗ್ಮೈರ್‌ನನ್ನು ಮದುವೆಯಾದಳು. ಮಕ್ಕಳಿಲ್ಲ. ನಿನ್ನೆ ಸಭೆ ಮುಗಿದ ಮೇಲೆ ಗಂಡನ ಜೊತೆ ಮನೆಗೆ ಬಂದಳು. ಗಾರ್ತ್ ಒಳಗೆ ಬರದೆ ಅಂಗಳದಲ್ಲಿ ಗಾಡಿಯಲ್ಲೇ ಕೂತಿದ್ದ.

ಡಿಸೆಂಬರಿನಿಂದ ರಕ್ತ ಹೋಗುತ್ತಿತ್ತಂತೆ. ಲೋಗನ್ನಿನ ಆಸ್ಪತ್ರೆಗೆ ಹೋಗಿ ತೋರಿಸಿದ್ದಾರೆ. ಗರ್ಭಕೋಶದಲ್ಲಿ ಕ್ಯಾನ್ಸರು, ಆದರೆ ಮೊದಲ ಹಂತ. ಈಗಲೇ ಕೋಶ ತೆಗೆಸಿಬಿಟ್ಟರೆ ಬದುಕುತ್ತೀ, ಬೇಸಿಗೆಯವರೆಗೆ ಕಾದರೆ ನಾನು ಮಾತು ಕೊಡಲಾರೆ ಎಂದಿದ್ದಾಳೆ ಡಾಕ್ಟರು. ಇವಳು ಒಲ್ಲೆ ಎನ್ನುತ್ತಿದ್ದಾಳೆ. ಚೀಲದಿಂದ ತನ್ನ ಆಶೀರ್ವಾದದ ಕಾಗದ ತೆಗೆದು ನನ್ನ ಮುಂದೆ ಹಿಡಿದಳು. ಮಡಿಕೆಯಲ್ಲೆಲ್ಲ ಹರಿದು ಟೇಪು ಅಂಟಿಸಿದೆ.

'ನಿನ್ನ ತಲೆಯಲ್ಲಿ ಮೊದಲ ನರೆ ಕಾಣುವ ಮುನ್ನ ನಿನ್ನ ಸ್ವಂತ ಮಗುವನ್ನು ಎದೆಗೆ ಅವಚಿಕೊಳ್ಳುವೆ.'

"ನಲವತ್ತೊಂದು ನಂಗೆ," ಅಂದಳು, ತಲೆ ಬಗ್ಗಿಸಿ ಬೈತಲೆ ತೋರಿಸಿ. "ನೋಡಿ, ಒಂದಾದ್ರೂ ಬಿಳಿ ಕೂದ್ಲಿದ್ಯಾ? ಬಣ್ಣ ಹಚ್ಚಿಲ್ಲ, ಆಣೆ ಮಾಡ್ತೀನಿ. ಇನ್ನೂ ಟೈಮಿದೆ ಅಂತಾನೇ ಅಲ್ವಾ ಇದರರ್ಥ?"

ಕೂದಲು ಇದ್ದಿಲಿನಂತೆ ಕಪ್ಪಗಿತ್ತು. ಆಗ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನೀನು ಓದಬೇಕು.

"ಕ್ರಿಸ್‌ಮಸ್ಸಿನ ಹೊತ್ತಿಗೆ ನಂಗೂ ಅನುಮಾನ ಬಂದಿತ್ತು, ಬ್ರದರ್ ಹ್ಯಾಸ್ಲಮ್. ಆಪರೇಷನ್ನಿಗೆ ಹೂಂ ಅಂದಿದ್ದೆ. ಆಮೇಲೆ ನಿಮ್ಮ ಮಗಳದ್ದು ಓದ್ದೆ. ಅವಳೇ ಅಂತ ಇಡೀ ಕಣಿವೆಗೆ ಗೊತ್ತು. ಆ ಹನ್ನೊಂದು ಜನಕ್ಕೂ ಒಂದೇ ಮಾತು. ನನ್ನ ಈ ಸಾಲು ಅದ್ರಲ್ಲಿಲ್ಲ. ಬೇರೆ ಯಾರಿಗೂ ಇಲ್ದಿರೋದು ನಂಗೊಬ್ಳಿಗೇ ಬಂದಿದೆ ಅಂದ್ರೆ ಇದು ನಂಗೋಸ್ಕರನೇ ಬಂದಿದ್ದು. ನಗೋಕೆ ಅಂತ ಬರ್ದ್ಲು, ನಂಗೆ ಉಪಕಾರ ಮಾಡಿದ್ಲು."

ತಾರೀಕು ರದ್ದು ಮಾಡಿಸಿದ್ದಾಳೆ.

ಹೋಗುವಾಗ ಗಾರ್ತ್ ಗಾಡಿಯ ಗಾಜು ಇಳಿಸಿ, "ಅವಳು ನನ್ನ ಮಾತು ಕೇಳಲ್ಲ. ನಿಮ್ಮ ಮಾತು ಕೇಳ್ತಾಳೆ," ಅಂದ.

ಆಶೀರ್ವಾದ ಕೊಟ್ಟವನೇ ಅದನ್ನು ಅಲ್ಲಗಳೆಯುವುದು ಹೇಗೆ? ಕೊಟ್ಟ ಮಾತುಗಳು ನನಗೆ ನೆನಪಿರುವುದಿಲ್ಲ ಎಂದು ನಿನಗೆ ಗೊತ್ತು. ಟೈಪು ಮಾಡಿದವಳು ನೀನು, 1994ರ ಜುಲೈ. ನಿನಗೆ ಆ ಸಾಲು ನೆನಪಿದೆಯೆ? ಕ್ಯಾಸೆಟ್ಟಿನಲ್ಲಿ ಸರಿಯಾಗಿ ಕೇಳಿಸಿತ್ತೆ? ತಪ್ಪಿ ಬೇರೇನಾದರೂ ಟೈಪು ಮಾಡಿದೆಯಾ? ನಿಜ ಬರೆ.

ಅಪ್ಪ


ಪೋರ್ಟ್‌ಲ್ಯಾಂಡ್
16 ಫೆಬ್ರವರಿ 2013

ಅಪ್ಪ,

ಬರಹವನ್ನು ತೆಗೆದಿದ್ದೇನೆ. ನಿಮ್ಮ ಅಪ್ಪಣೆಗಲ್ಲ.

ಕ್ಯಾಸೆಟ್ಟಿನಲ್ಲಿ ಆ ಸಾಲು ಕೇಳಿಸಲಿಲ್ಲ. ಯಾಕೆಂದರೆ ಅದು ಅಲ್ಲಿರಲಿಲ್ಲ. ನಾನು ಸೇರಿಸಿದ್ದು.

ಓದುವುದನ್ನು ನಿಲ್ಲಿಸಬೇಡಿ. ಅವತ್ತು ಎರಡನೇ ಕೊಯ್ಲಿನ ಹುಲ್ಲು ಬಿದ್ದಿತ್ತು, ಮಳೆ ಬರುವ ಹಾಗಿತ್ತು, ನಿಮಗೆ ಅವಸರವಿತ್ತು. ನೋರ್ಡಾ ಎರಡು ವರ್ಷ ಕಾದ ಹುಡುಗ ಧರ್ಮಪ್ರಚಾರದ ಮಿಷನ್ನಿನಿಂದ ವಾಪಸಾಗಿ ಮೂರೇ ವಾರಕ್ಕೆ ಬೇರೆಯವಳನ್ನು ಮದುವೆಯಾಗಿದ್ದ. ಅದಕ್ಕೇ ಅವಳು ಬಂದಿದ್ದು, ಒಂದು ಆಸರೆಯ ಮಾತಿಗೆ. ನಿಮ್ಮ ಆಶೀರ್ವಾದ ಏಳು ನಿಮಿಷಕ್ಕೆ ಮುಗಿಯಿತು. ಬೈಬಲಿನ ಎಫ್ರಾಯೀಮನ ವಂಶದವಳು ಅಂದಿರಿ, ಕಲಿಯಬೇಕು ಅಂದಿರಿ, ಹಿರಿಯರ ಸೇವೆ ಮಾಡಬೇಕು ಅಂದಿರಿ. ಹೊಲಕ್ಕೆ ಹೊರಟುಹೋದಿರಿ.

ಅವಳು ಅಡುಗೆಮನೆಗೆ ಬಂದು ನೀರು ಕೇಳಿದಳು. ಲೋಟ ಹಿಡಿದುಕೊಂಡೇ, "ಅಷ್ಟೇನಾ ಕೇಲೀನ್? ನನ್ನ ತಂಗಿಗೆ ಎರಡೂವರೆ ಪುಟ ಬಂದಿತ್ತು. ನಂಗೆ ಮನೆ ಮಕ್ಳು ಏನೂ ಇಲ್ವಾ? ದೇವ್ರಿಗೂ ನಾನು ನೆನಪಿಲ್ವಾ?" ಅಂದಳು. ಸಿಂಕಿನ ಪಕ್ಕ ನೆಲದ ಮೇಲೆ ಕೂತು ಅತ್ತಳು. ನನಗೆ ಹತ್ತೊಂಬತ್ತು ವಯಸ್ಸು. ಯಾರಾದರೂ ಅತ್ತರೆ ಅದನ್ನು ನಿಲ್ಲಿಸಬೇಕು ಅನ್ನುವುದೊಂದೇ ಗೊತ್ತಿತ್ತು.

ಟೈಪು ಮಾಡಿದಾಗ ಮುಕ್ಕಾಲು ಪುಟವೂ ಆಗಲಿಲ್ಲ. ಖಾಲಿ ಜಾಗ ನೋಡುತ್ತ ಕೂತೆ. ಆಮೇಲೆ ಒಂದು ಸಾಲು ಸೇರಿಸಿದೆ. ಟ್ರಕ್ಕಿನ ಬಾನೆಟ್ ಮೇಲೆ ಇಟ್ಟು ನೀವು ಸಹಿ ಹಾಕಿದಿರಿ, ಮೊಳಕೈ ತುಂಬ ಹುಲ್ಲಿನ ಧೂಳು. ಓದಿ ನೋಡಲಿಲ್ಲ ಅಂದುಕೊಂಡೆ. ಬದುಕಿದೆ ಅಂದುಕೊಂಡೆ.

ಬ್ಲಾಗಿನಲ್ಲಿ ಆ ಸಾಲು ಯಾಕಿಲ್ಲ ಅಂದರೆ ಇದಕ್ಕೇ. ನಿಮ್ಮ ಮಾತುಗಳನ್ನಷ್ಟೇ ಲೆಕ್ಕಕ್ಕೆ ತಗೊಂಡೆ. ಹತ್ತೊಂಬತ್ತು ವರ್ಷ ಈ ವಿಷಯ ಯಾರಿಗೂ ಹೇಳಿಲ್ಲ. ಊರಿನ ಹುಳುಕನ್ನೆಲ್ಲ ತೆಗೆದು ತೋರಿಸಿ, ನನ್ನದೊಂದನ್ನು ಬಚ್ಚಿಟ್ಟೆ. ನಾಚಿಕೆಯಾಗುತ್ತಿದೆ.

ನಿನ್ನೆ ನೋರ್ಡಾಳಿಗೆ ಫೋನು ಮಾಡಿದೆ. ನನ್ನ ದನಿ ಕೇಳಿದ್ದೇ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಗಾರ್ತ್ ಎತ್ತಿ, ಅವಳು ಬರಲ್ಲ ಅಂದ. ಈ ಕಾಗದ ಅವಳಿಗೆ ತೋರಿಸಿ. ನಿಮ್ಮ ಸಹಿ ಇರುವ ಕಾಗದದಲ್ಲಿ ಸುಳ್ಳಿದೆ ಎಂದು ನೀವೇ ಹೇಳಬೇಕಾಗುತ್ತದೆ, ಅದರಿಂದ ನಿಮಗೇನಾಗುತ್ತದೆ ಎಂದು ಗೊತ್ತು. ಆದರೂ ಹೋಗಿ. ಇವತ್ತೇ ಹೋಗಿ.

ಕೇಲೀನ್


ಮಿಲ್ ಫೋರ್ಕ್
4 ಮಾರ್ಚ್ 2013

ಕೇಲೀನ್,

ಇವತ್ತೇ ಹೋಗಿ ಎಂದು ನೀನು ಬರೆದಿದ್ದೆ. ನಾನು ಒಂಬತ್ತು ದಿನ ನಿನ್ನ ಕಾಗದವನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಪ್ರಾರ್ಥನೆ ಮಾಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ನನ್ನ ಒಂಬತ್ತು ದಿನವಾಗಿದ್ದರೆ ಚಿಂತೆಯಿರಲಿಲ್ಲ, ಅವು ಅವಳ ದಿನಗಳು.

ಮೊದಲು ಬೆಕ್‌ಸ್ಟೆಡ್‌ಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ.

"ನೀವು ಎಂಟುನೂರು ಜನಕ್ಕೆ ಆಶೀರ್ವಾದ ಕೊಟ್ಟಿದ್ದೀರಿ. ಒಂದರಲ್ಲಿ ಹೀಗಾಗಿದೆ ಅಂತ ಗೊತ್ತಾದ್ರೆ ಉಳಿದೋರು ತಮ್ಮ ಕಾಗದ ಹಿಡ್ಕೊಂಡು ಏನ್ಮಾಡ್ಬೇಕು? ಆಪರೇಷನ್ ಮಾಡಿಸ್ಕೋ ಅಂತ ಹೇಳಿ ಸಾಕು. ಕಾಗದದ ಮಾತು ಬೇಡ."

ಕೆಟ್ಟವನಲ್ಲ ಅವನು. ಅವನ ಮಗಳ ತಲೆಯ ಮೇಲೂ ನಾನು ಕೈಯಿಟ್ಟಿದ್ದೇನೆ.

ಶನಿವಾರ ನೋರ್ಡಾಳ ಮನೆಗೆ ಹೋಗಿ ಕಾಗದದ ಮಾತನ್ನೇ ಹೇಳಿದೆ. ನಿನ್ನ ಪತ್ರವನ್ನು ಅವಳು ನಿಂತುಕೊಂಡೇ ಓದಿದಳು. ಬಹಳ ಇಳಿದು ಹೋಗಿದ್ದಾಳೆ. ಮಡಿಸಿ ವಾಪಸು ಕೊಟ್ಟಳು.

"ಮೊದ್ಲು ಎಲ್ಲಾ ನಿಮ್ಮ ಬಾಯಿಪಾಠ ಅಂದ್ಲು. ನನ್ನದು ಬಾಯಿಪಾಠ ಅಲ್ಲ ಅಂತ ಗೊತ್ತಾದ ತಕ್ಷಣ ಅದನ್ನ ತಾನೇ ಬರ್ದೆ ಅಂತಾಳೆ. ನಾಳೆ ಇನ್ನೇನು ಹೇಳ್ತಾಳೋ. ನಂಬಿಕೆ ಬಿಟ್ಟೋಳು ಇನ್ನೊಬ್ರದ್ದೂ ಬಿಡಿಸ್ತಾಳೆ, ಇದು ಅದೇ. ನೀವು ತಂದೆ, ನಿಮಗೆ ಕಾಣಲ್ಲ."

"ಡಾಕ್ಟರ್ ಮಾತಾದ್ರೂ ಕೇಳು," ಅಂದೆ.

"ಡಾಕ್ಟರು ನನ್ನ ತಲೆ ಮೇಲೆ ಕೈ ಇಟ್ಟಿಲ್ಲ. ನೀವು ಇಟ್ಟಿದ್ರಿ."

ಕ್ಯಾಸೆಟ್ಟುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದೆವು. ಸಾಲ್ಟ್ ಲೇಕಿನ ಚರ್ಚಿನ ಕಚೇರಿಗೆ ಕಳಿಸಿದ ಪ್ರತಿಯಲ್ಲೂ ನಿನ್ನ ಸಾಲೇ ಇರುತ್ತದೆ. ತೋರಿಸಲು ನನ್ನ ಹತ್ತಿರ ಏನೂ ಇಲ್ಲ, ನಿನ್ನ ಮಾತೊಂದು ಬಿಟ್ಟು. ನಿನ್ನ ಮಾತಿಗೆ ಈ ಕಣಿವೆಯಲ್ಲಿ ಬೆಲೆ ಇಲ್ಲದ ಹಾಗೆ ಮಾಡಿಕೊಂಡವಳು ನೀನೇ. ನಾಲ್ಕು ವರ್ಷ ಮುಖ ಮುಚ್ಚಿಕೊಂಡು ನಕ್ಕವಳು ಒಂದು ದಿನ ಮುಖ ತೆರೆದು ಅತ್ತರೆ ಯಾರು ನಂಬುತ್ತಾರೆ?

ಇನ್ನೇನಾದರೂ ಇದ್ದರೆ ಬರೆ. ಇಲ್ಲದಿದ್ದರೆ ಅವಳು ಹೋಗಿಬಿಡುತ್ತಾಳೆ.

ಅಪ್ಪ


ಪೋರ್ಟ್‌ಲ್ಯಾಂಡ್
9 ಮಾರ್ಚ್ 2013

ಅಪ್ಪ,

ಈ ಕವರಿನಲ್ಲಿ ನನ್ನ ಆಶೀರ್ವಾದದ ಕಾಗದವಿದೆ. 1992ರ ಏಪ್ರಿಲ್, ಅಮ್ಮ ಟೈಪು ಮಾಡಿದ್ದು, ನಿಮ್ಮ ಸಹಿ. ಎರಡನೆಯ ಪುಟದ ಮೂರನೆಯ ಪ್ಯಾರಾ ನೋಡಿ. ಬೇಕಿದ್ದರೆ ನೋರ್ಡಾಳ ಕಾಗದವನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಅವತ್ತು ಕೊಡಲು ನನ್ನ ಹತ್ತಿರ ಬೇರೆ ಸಾಲಿರಲಿಲ್ಲ. ನನಗೆ ತುಂಬ ಇಷ್ಟವಾದದ್ದು ಅದೊಂದೇ. ಅದನ್ನೇ ಅವಳಿಗೆ ಹಾಕಿದೆ.

ನನ್ನ ಗರ್ಭ ಇಳಿದದ್ದರಲ್ಲಿ ನಿಮಗೆ ಒಂದರ ವಿಷಯ ಮಾತ್ರ ಗೊತ್ತು. ಒಟ್ಟು ಮೂರು. ಮೂರನೆಯದಕ್ಕೆ ಐದು ತಿಂಗಳು, ಹುಡುಗಿ. ಆಗಿನ್ನೂ ಪ್ರತಿ ಭಾನುವಾರ ಸಭೆಗೆ ಹೋಗುತ್ತಿದ್ದೆ. ಇಲ್ಲಿಯ ಬಿಷಪ್ ನನ್ನನ್ನು ಕೂರಿಸಿಕೊಂಡು, ನಿನ್ನ ಕಾಗದದಲ್ಲಿ ಮಾತು ಕೊಟ್ಟಿದೆಯಲ್ಲ ತಂಗಿ, ನಿನ್ನಲ್ಲೇ ಏನೋ ಕಮ್ಮಿಯಿರಬೇಕು, ಹುಡುಕಿಕೋ ಎಂದ. ಹುಡುಕಿಕೊಂಡೆ. ಎರಡು ವರ್ಷ ಹುಡುಕಿದೆ, ಗಂಡ ಬಿಟ್ಟು ಹೋಗುವವರೆಗೂ. ಹಳೆಯ ಇತಿಹಾಸದ ಪುಸ್ತಕಗಳನ್ನು ಓದಿ ನಂಬಿಕೆ ಬಿಟ್ಟೆ ಎಂದು ಬ್ಲಾಗಿನಲ್ಲಿ ಜಂಬದಿಂದ ಬರೆದಿದ್ದೇನೆ. ನಾನು ಬಿಟ್ಟದ್ದು ಕನ್ನಡಿಯ ಮುಂದೆ, ಮೂವತ್ತನಾಲ್ಕಕ್ಕೆ ಮೊದಲ ಬಿಳಿ ಕೂದಲು ಕಂಡ ದಿನ. ಸಿಟ್ಟು ಯಾಕೆ ಅಂತ ಇನ್ನೊಂದು ಸಲ ಎಂದಿದ್ದೆನಲ್ಲ, ಇದೇ.

ಆ ಸಾಲು ಎಲ್ಲಿಂದ ಬಂತು ಎಂದು ನಿಮ್ಮನ್ನು ಒಮ್ಮೆಯೂ ಕೇಳಿಲ್ಲ. ಈಗಲೂ ಕೇಳುತ್ತಿಲ್ಲ. ಆದರೆ ನೋರ್ಡಾ ಕೇಳುತ್ತಾಳೆ. ಉತ್ತರ ಸಿದ್ಧ ಮಾಡಿಕೊಂಡು ಹೋಗಿ.

ಕೇಲೀನ್


ಮಿಲ್ ಫೋರ್ಕ್
19 ಮಾರ್ಚ್ 2013

ಮಗಳೇ,

ನಿನ್ನ ಕವರು ಬಂದ ಗಂಟೆಯಲ್ಲೇ ಹೊರಟೆ. ಈ ಸಲ ಬೆಕ್‌ಸ್ಟೆಡ್‌ನನ್ನು ಕೇಳಲಿಲ್ಲ.

ನೋರ್ಡಾ ಸೋಫಾದ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಎರಡು ಕಾಗದವನ್ನೂ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿದಳು. ಗಾರ್ತ್ ಬಾಗಿಲಲ್ಲಿ ನಿಂತಿದ್ದ. ನೀನು ಕಳೆದುಕೊಂಡ ಮೂರರ ವಿಷಯವನ್ನೂ ಹೇಳಿದೆ.

"ಇಬ್ರಿಗೂ ದೇವ್ರು ಒಂದೇ ಮಾತು ಕೊಟ್ಟಿರಬಹುದಲ್ವಾ," ಅಂದಳು ಕೊನೆಗೆ. "ಅವಳು ಬಿಟ್ಟು ಹೋದ್ಲು, ಅದಕ್ಕೇ ಅವಳಿಗೆ ನಡೀಲಿಲ್ಲ. ನಾನು ಬಿಟ್ಟಿಲ್ಲ."

"ಮೂರೂ ಹೋದಾಗ ಅವಳಿನ್ನೂ ಸಭೆಯಲ್ಲೇ ಇದ್ಲು, ನೋರ್ಡಾ. ಬಿಟ್ಟಿದ್ದು ಆಮೇಲೆ."

ಅವಳು ನನ್ನನ್ನು ನೋಡಿದಳು. ಆ ನೋಟದಿಂದ ತಪ್ಪಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

"ಹಾಗಾದ್ರೆ ಒಂದೇ ಮಾತು ಕೇಳ್ತೀನಿ. ಅವತ್ತು ಕೇಲೀನ್ ತಲೆ ಮೇಲೆ ಕೈ ಇಟ್ಟಾಗ ಈ ಮಾತು ನಿಮಗೆ ಬಂತಾ, ನೀವೇ ಆಡಿದ್ರಾ?"

ಬಂತು ಎಂದಿದ್ದರೆ ನಾನು ಹಿರಿಯನಾಗಿಯೇ ಮನೆಗೆ ಬರಬಹುದಿತ್ತು. ಅವಳು ಆ ಸಾಲನ್ನು ಹಿಡಿದುಕೊಂಡು ಬೇಸಿಗೆಯವರೆಗೆ ಕಾಯುತ್ತಿದ್ದಳು.

"ನಾನೇ ಆಡಿದ್ದು," ಅಂದೆ.

ಅವಳಿಗೆ ಹೇಳಿದ್ದನ್ನು ನಿನಗೂ ಹೇಳುತ್ತೇನೆ, ಅವಳಿಗಿಂತ ಮೊದಲು ನಿನಗೆ ಹೇಳಬೇಕಿತ್ತು. ಅವತ್ತು ಏನೂ ಬರಲಿಲ್ಲ, ಕೇಲೀನ್. ನಿನ್ನ ತಲೆಯ ಮೇಲೆ ಕೈಯಿಟ್ಟು ನಿಂತೆ, ಕಾದೆ, ಏನೂ ಬರಲಿಲ್ಲ. ಎದುರಿಗೆ ಮೇಜಿನ ಬಳಿ ನಿನ್ನಮ್ಮ ಕೂತಿದ್ದಳು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು. ಬರುವ ಚಳಿಗಾಲವನ್ನು ಅವಳು ನೋಡುವುದಿಲ್ಲ ಎಂದು ಡಾಕ್ಟರು ಹೇಳಿ ನಾಲ್ಕು ದಿನವಾಗಿತ್ತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಿನಗೆ ಮಕ್ಕಳಾಗುತ್ತವೆ ಎಂದು ಅವಳ ಕಿವಿಗೆ ಬೀಳಲಿ ಅಂತ ಆ ಮಾತು ಆಡಿದೆ. ದೇವರ ಹೆಸರಿನಲ್ಲಿ ಆಡಿದೆ. ಅವಳು ಕಣ್ಣೊರೆಸಿಕೊಂಡಳು. ನಾನು ಮಾಡಿದ್ದು ಸರಿ ಅನ್ನಿಸಿತು ಆಗ.

ಇನ್ನೂ ಒಂದಿದೆ. ನೋರ್ಡಾಳ ಕಾಗದವನ್ನು ನಾನು ಓದಿದ್ದೆ, ಟ್ರಕ್ಕಿನ ಬಾನೆಟ್ ಮೇಲೆಯೇ. ಆ ಸಾಲನ್ನು ಎರಡು ಸಲ ಓದಿದೆ. ನಾನು ಆಡಿದ್ದು ನೆನಪಿರಲಿಲ್ಲ, ಆದರೆ ಕಾಗದದಲ್ಲಿತ್ತು. ದೇವರೇ ಅದೇ ಮಾತನ್ನು ಇನ್ನೊಬ್ಬಳಿಗೂ ನನ್ನಿಂದ ಆಡಿಸಿದ್ದಾನೆ ಎಂದರೆ, ನಿನಗೆ ಹೇಳಿದ್ದೂ ಸುಳ್ಳಲ್ಲ ಅಂದುಕೊಂಡೆ. ಎರಡು ವರ್ಷದಿಂದ ಕೊರೆಯುತ್ತಿದ್ದುದು ಅವತ್ತು ನಿಂತಿತು. ನೀನು ಟೈಪು ಮಾಡಿದ ಸಾಲನ್ನು ನೋರ್ಡಾಳಿಗಿಂತ ಮೊದಲು ನಂಬಿದವನು ನಾನು. ನೆನಪಿಲ್ಲ ಎಂದು ಫೆಬ್ರವರಿಯಲ್ಲಿ ನಿನಗೆ ಬರೆದದ್ದು ಅರ್ಧ ನಿಜ.

ನೋರ್ಡಾ ನಿನ್ನ ಕಾಗದವನ್ನು ಮಡಿಸಿದಳು. "ಹಾಗಾದ್ರೆ ಅವಳ ಹತ್ರ ಇದ್ದ ಒಂದೇ ಒಂದು ಸಾಲನ್ನ ನಂಗೆ ಕೊಟ್ಲು," ಅಂದಳು. ಆಮೇಲೆ ಗಾರ್ತ್ ಕಡೆ ತಿರುಗಿ, "ಲೋಗನ್ನಿಗೆ ಫೋನ್ ಮಾಡು, ಅವ್ರು ಯಾವತ್ತು ಅಂದ್ರೆ ಅವತ್ತು," ಅಂದಳು. ಅವನು ಹೊರಗೆ ಹೋಗಿ ಫೋನು ಮಾಡಿದ. ಒಳಗೆ ಬರಲು ತುಂಬ ಹೊತ್ತು ತೆಗೆದುಕೊಂಡ.

ನನ್ನನ್ನು ಈ ಕೆಲಸದಿಂದ ಬಿಡಿಸಿ ಎಂದು ಬೆಕ್‌ಸ್ಟೆಡ್‌ಗೆ ಬರೆದು ಕೊಟ್ಟಿದ್ದೇನೆ. ಕಾರಣವನ್ನೂ ಬರೆದಿದ್ದೇನೆ. ಉಳಿದ ಎಂಟುನೂರರಲ್ಲಿ ಎಷ್ಟು ಬಂದದ್ದು, ಎಷ್ಟು ನಾನು ಆಡಿದ್ದು ಎಂದು ಕೂತು ಯೋಚಿಸುತ್ತೇನೆ. ಬಹಳಷ್ಟು ಬಂದದ್ದೇ ಎಂದು ಈಗಲೂ ನಂಬುತ್ತೇನೆ, ನೀನು ನಗಬಹುದು. ಆದರೆ ನಿನ್ನ ಮಟ್ಟಿಗೆ ನಾನು ಮಾಡಿದ್ದು ತಪ್ಪು. ನಿನ್ನಲ್ಲಿ ಏನೂ ಕಮ್ಮಿಯಿರಲಿಲ್ಲ.

ಅಪ್ಪ


ಮಿಲ್ ಫೋರ್ಕ್
6 ಮೇ 2013

ಕೇಲೀನ್,

ಏಪ್ರಿಲ್ ಒಂಬತ್ತಕ್ಕೆ ನನ್ನ ಗರ್ಭಕೋಶ ತೆಗೆದರು. ಹೊರಗೆ ಹರಡಿಲ್ಲವಂತೆ. ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಬೇಕು. ಬೇಸಿಗೆಯವರೆಗೆ ಬಿಟ್ಟಿದ್ದರೆ ಈ ಮಾತು ಹೇಳುತ್ತಿರಲಿಲ್ಲ ಎಂದಳು ಡಾಕ್ಟರು. ಮಹಿಳಾ ಸಮಾಜದವರು ಎರಡು ವಾರ ಪಾಳಿ ಹಾಕಿಕೊಂಡು ಊಟ ತಂದರು. ದಿನಾ ಅದೇ ಚೀಸು ಸುರಿದ ಆಲೂಗಡ್ಡೆ. ಸತ್ತವರ ಮನೆಗೆ ತರುವುದೂ ಅದನ್ನೇ, ನನಗೊಬ್ಬಳಿಗೇ ನಗು ಬಂತು. ಯಾರೂ ಮಕ್ಕಳ ಮಾತು ಎತ್ತಲಿಲ್ಲ.

ನಿನ್ನಪ್ಪ ಪ್ರತಿ ಮಂಗಳವಾರ ಬರುತ್ತಾರೆ. ಸೌದೆ ಒಡೆದು ಒಟ್ಟಿ ಹೋಗುತ್ತಾರೆ. ಸಭೆಯಲ್ಲಿ ಕೆಲವರು ಅವರ ಕೈ ಕುಲುಕುವುದನ್ನು ಬಿಟ್ಟಿದ್ದಾರೆ.

ಥ್ಯಾಂಕ್ಸ್ ಹೇಳಲು ಬರೆಯುತ್ತಿಲ್ಲ. ಬೈಯಲೂ ಅಲ್ಲ. ನೀನು ಬರೆದದ್ದನ್ನು ನಾನು ಎರಡು ಸಲ ನಂಬಿದೆ. ಹತ್ತೊಂಬತ್ತು ವರ್ಷದ ಹಿಂದೆ ಕನಿಕರದಿಂದ ಬರೆದದ್ದನ್ನು, ಈ ಜನವರಿಯಲ್ಲಿ ನಗುತ್ತ ಬರೆದದ್ದನ್ನು. ಎರಡರಲ್ಲೂ ನನ್ನ ಜೀವ ಹೋಗುತ್ತಿತ್ತು. ಆ ಸಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದಿದ್ದೇನೆ. ಉಳಿದ ಮುಕ್ಕಾಲು ಪುಟ ಹಾಗೇ ಇದೆ. ಅದನ್ನು ನಂಬುತ್ತೇನೆ, ನಿನಗೆ ಹೇಗೆ ಕಂಡರೂ.

ಇದನ್ನು ನೀನು ಬ್ಲಾಗಿನಲ್ಲಿ ಬರೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ಬೇಡ ಎನ್ನುವುದಿಲ್ಲ. ಬರೆದರೆ ಪೂರ್ತಿ ಬರೆ, ನಿನ್ನಪ್ಪನಿಗೂ ಗೊತ್ತಿಲ್ಲದ್ದೊಂದಿದೆ.

ನಮಗೆ ಮದುವೆಯಾದ ಮರುವರ್ಷ ಚರ್ಚಿನವರು ಒಂದು ಮಗುವನ್ನು ದತ್ತು ಕೊಡಲು ಬಂದಿದ್ದರು. ಆರು ದಿನದ ಹೆಣ್ಣು ಮಗು. ಗಾರ್ತ್ ತೊಟ್ಟಿಲಿಗೆ ಮರ ಕೂಡ ತಂದಿಟ್ಟಿದ್ದ. ಕಾಗದದಲ್ಲಿ 'ಸ್ವಂತ ಮಗು' ಎಂದಿತ್ತಲ್ಲ, ಇದನ್ನು ತಗೊಂಡರೆ ಅದರ ಮೇಲೆ ನಂಬಿಕೆಯಿಲ್ಲ ಎಂದ ಹಾಗಾಗುತ್ತದೆ ಎಂದು ನಾನು ಬೇಡ ಅಂದೆ. ಲ್ಯಾಮೋಂಟ್ ಮನೆಯವರು ತಗೊಂಡರು. ಅವಳಿಗೆ ಈಗ ಒಂಬತ್ತು ವರ್ಷ. ಭಾನುವಾರ ನನ್ನ ಮುಂದಿನ ಬೆಂಚಿನಲ್ಲೇ ಕೂರುತ್ತಾಳೆ. ನಿನ್ನೆ ಅವಳ ಜಡೆ ಬಿಚ್ಚಿಕೊಂಡು ಬೆನ್ನ ಮೇಲೆ ಹರಡಿತ್ತು, ಕಟ್ಟುವವರು ಯಾರೂ ಗಮನಿಸಿರಲಿಲ್ಲ. ಪ್ರಾರ್ಥನೆ ಮುಗಿಯುವವರೆಗೂ ನಾನು ಕೈ ಕಟ್ಟಿಕೊಂಡು ಕೂತಿದ್ದೆ.

ನೋರ್ಡಾ